ಪಾಲಿನ ಪಾಲು: ಭಿನ್ನರಾಶಿಗೆ ಟ್ರಿಕ್ ಸಾಕು, ಲೆಕ್ಕ ಕಲಿಸಿ

ಪೋಸ್ಟ್ 1/8

ಒಂದು ಜಗಳ ಶುರು ಮಾಡ್ತಿದ್ದೀನಿ. ಎಂಟು ಪೋಸ್ಟ್ ಇದೆ. ಪೂರ್ತಿ ಓದಿ, ಆಮೇಲೆ ಬೈಯಿರಿ.

"ಭಿನ್ನರಾಶಿ ಗುಣಾಕಾರ ಹತ್ತೇ ಸೆಕೆಂಡಲ್ಲಿ!" ಅನ್ನೋ ರೀಲ್‌ಗಳನ್ನ ನಿಮ್ಮ ತಮ್ಮ ತಂಗಿಗೆ ಕಳಿಸೋದು ನಿಲ್ಲಿಸಿ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು, ಗುಣಿಸಿ, ಮುಗೀತು. ಉತ್ತರ ಬರುತ್ತೆ, ಒಪ್ತೀನಿ. ಆದ್ರೆ ಲೆಕ್ಕ ಬರಲ್ಲ. ಉತ್ತರ ಬರೋದು ಬೇರೆ, ಲೆಕ್ಕ ಬರೋದು ಬೇರೆ.

ನಂಬಿಕೆ ಇಲ್ವಾ? ಮನೆಯಲ್ಲಿ 7ನೇ ಕ್ಲಾಸಿನ ಮಗು ಇದ್ರೆ ಈಗಲೇ ಕೇಳಿ. ½ × ½ ಎಷ್ಟು? ಥಟ್ ಅಂತ ¼ ಬರುತ್ತೆ. "ಗುಣಿಸಿದ್ರೆ ದೊಡ್ಡದಾಗ್ಬೇಕು ತಾನೆ, ಯಾಕೆ ಚಿಕ್ಕದಾಯ್ತು?" ಅಂತ ಕೇಳಿ. ಮೌನ. ಮುಂದಿನ ಪ್ರಶ್ನೆ: 2½ × 1½ ಎಷ್ಟು? ಎಷ್ಟೋ ಮಕ್ಕಳು 2¼ ಅಂತಾರೆ. ಎರಡು ಒಂದ್ಲ ಎರಡು, ಅರ್ಧಕ್ಕೆ ಅರ್ಧ ಕಾಲು, ಎರಡೂಕಾಲು. ಕೇಳೋಕೆ ಚೆನ್ನಾಗಿದೆ. ಆದ್ರೆ ತಪ್ಪು.

ಈ ತಪ್ಪಿನ ಬೆಲೆ ಎಷ್ಟು ಅಂತ 4ನೇ ಪೋಸ್ಟಲ್ಲಿ ಅಡಿ ಲೆಕ್ಕದಲ್ಲಿ ಅಳೆದು ತೋರಿಸ್ತೀನಿ.

ಪೋಸ್ಟ್ 2/8

ಮೊದಲು ಒಂದು ಕೆಟ್ಟ ಅಭ್ಯಾಸ ಬಿಡೋಣ. × ಚಿಹ್ನೆಯನ್ನ "ಇಂಟು" ಅಂತ ಓದೋದು.

"ಅರ್ಧ ಇಂಟು ಕಾಲು" ಅಂದ್ರೆ ಮಗುವಿನ ತಲೆಯಲ್ಲಿ ಯಾವ ಚಿತ್ರವೂ ಬರಲ್ಲ. "ಕಾಲಿನ ಅರ್ಧ" ಅನ್ನಿ. ಕಣ್ಣ ಮುಂದೆ ಒಂದು ಕಾಲು ಹೋಳು ಒಬ್ಬಟ್ಟು ಬರುತ್ತೆ, ಅದನ್ನ ಮುರಿಯೋ ಕೈ ಬರುತ್ತೆ. ಕಾಲಿನ ಅರ್ಧ, ಮುಕ್ಕಾಲಿನ ಮೂರನೇ ಎರಡು ಭಾಗ: ನಮ್ಮ ಭಾಷೆಯಲ್ಲಿ ಆ "ನ" ಅಕ್ಷರವೇ ಗುಣಾಕಾರ. ಗುಣಿಸಿದ್ರೆ ಯಾಕೆ ಚಿಕ್ಕದಾಯ್ತು ಅನ್ನೋ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಭಾಗದ ಭಾಗ ತಗೊಂಡ್ರೆ ಚಿಕ್ಕದಾಗದೆ ಇನ್ನೇನಾಗುತ್ತೆ?

ನಮ್ಮ ಪದಗಳನ್ನೇ ನೋಡಿ. ಮುಕ್ಕಾಲು ಅಂದ್ರೆ ಮೂರು ಕಾಲು, 3 × ¼. ಪಾವು ಅಂದ್ರೆ ಕಾಲು ಸೇರು, ಅರೆಪಾವು ಅಂದ್ರೆ ಅದರ ಅರ್ಧ, ½ × ¼ = ⅛ ಸೇರು. ಅಕ್ಕಿ ಅಳೆಯೋ ಪಾತ್ರೆಯ ಹೆಸರಲ್ಲೇ ಭಿನ್ನರಾಶಿ ಗುಣಾಕಾರ ಕೂತಿದೆ. ನಮ್ಮ ತಾತಂದಿರ ಕಾಲದಲ್ಲಿ ಮಕ್ಕಳು ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ ಅಂತ ಬೇರೆ ಬೇರೆ ಬಾಯಿಪಾಠ ಮಾಡ್ತಿದ್ರು. 1957ರಲ್ಲಿ ರೂಪಾಯಿಗೆ 16 ಆಣೆ ಹೋಗಿ 100 ಪೈಸೆ ಬಂತು, ಹಿಂದೆಯೇ ಸೇರು ಪಾವು ಹೋಗಿ ಕೆಜಿ ಬಂತು, ಆ ಮಗ್ಗಿಗಳೂ ಮರೆತು ಹೋದ್ವು. ಹೋಗಲಿ, ಮತ್ತೆ ಉರು ಹೊಡೆಸಿ ಅಂತ ನಾನು ಹೇಳ್ತಿಲ್ಲ. ಆದ್ರೆ ಆ ಮಗ್ಗಿ ಹೇಳೋ ಮಗುವಿಗೆ "ಅರ್ಧ" ಒಂದು ವಸ್ತುವಿನ ಅರ್ಧ ಆಗಿತ್ತು. ಇವತ್ತಿನ ಮಗುವಿಗೆ ಅದು ಒಂದು ಗೆರೆಯ ಮೇಲೆ 1, ಕೆಳಗೆ 2. ಅಷ್ಟೇ.

ಪೋಸ್ಟ್ 3/8

ಫೋಟೋದಲ್ಲಿ ಇರೋದು ನೋಟ್‌ಬುಕ್ಕಿನ ಒಂದು ಹಾಳೆ. ಖರ್ಚು ಸೊನ್ನೆ.

⅔ × ¾ ಮಾಡೋಣ. ಹಾಳೆಯನ್ನ ಉದ್ದಕ್ಕೆ ನಾಲ್ಕು ಸಮ ಪಟ್ಟಿ ಬರೋ ಹಾಗೆ ಮಡಚಿ, ಬಿಡಿಸಿ, ಮೂರು ಪಟ್ಟಿಗೆ ಹಳದಿ ಬಣ್ಣ ಹಾಕಿ. ಅದು ಮುಕ್ಕಾಲು. ಈಗ ಅದೇ ಹಾಳೆಯನ್ನ ಅಡ್ಡಕ್ಕೆ ಮೂರು ಸಮ ಪಟ್ಟಿಯಾಗಿ ಮಡಚಿ, ಬಿಡಿಸಿ, ಎರಡಕ್ಕೆ ಪೆನ್ಸಿಲಲ್ಲಿ ಗೀರು ಎಳೀರಿ. ಒಟ್ಟು ಚೌಕ ಎಷ್ಟು? 4 ಮೂರ್ಲ 12. ಹಳದಿಯೂ ಗೀರೂ ಎರಡೂ ಬಿದ್ದಿರೋದು ಎಷ್ಟು? 3 ಎರಡ್ಲ 6. ಅಂದ್ರೆ 6/12, ಅರ್ಧ ಹಾಳೆ.

ಛೇದಕ್ಕೆ ಛೇದ ಯಾಕೆ ಗುಣಿಸ್ತೀವಿ? ಇಡೀ ಹಾಳೆ ಎಷ್ಟು ಚೂರಾಯ್ತು ಅಂತ ಎಣಿಸೋಕೆ. ಅಂಶಕ್ಕೆ ಅಂಶ ಯಾಕೆ? ಆ ಚೂರುಗಳಲ್ಲಿ ನಮಗೆ ಸಿಕ್ಕಿದ್ದು ಎಷ್ಟು ಅಂತ ಎಣಿಸೋಕೆ. ಇಷ್ಟೇ ಗುಟ್ಟು. ರೀಲ್ ಹೇಳೋ ಸಾಲೂ ಇದೇ, ಆದ್ರೆ ಈಗ ಅದಕ್ಕೆ ಕಾರಣ ಇದೆ. ಕಾರಣ ಗೊತ್ತಿರೋ ಮಗು ನಿಯಮ ಮರೆತರೂ ಹಾಳೆ ಮಡಚಿ ವಾಪಸ್ ಹುಡುಕಿಕೊಳ್ಳುತ್ತೆ. ಟ್ರಿಕ್ ಮಾತ್ರ ಗೊತ್ತಿರೋ ಮಗು, ಕೂಡೋ ಲೆಕ್ಕದ ಚಿಟ್ಟೆ ಟ್ರಿಕ್ಕನ್ನ ಗುಣಿಸೋ ಲೆಕ್ಕಕ್ಕೆ ಹಾಕಿ, ಅಡ್ಡಡ್ಡ ಗುಣಿಸಿ, ಏನೋ ಬರೆದು ಬರುತ್ತೆ.

ಇನ್ನೂ ಒಂದು ಮಜಾ. ಮುಕ್ಕಾಲು ಅಂದ್ರೆ ಮೂರು ಕಾಲು ಅಂದ್ವಲ್ಲ? ಮೂರು ಕಾಲಿನಲ್ಲಿ ಎರಡು ಕಾಲು ತಗೊಳ್ಳಿ. ಎರಡು ಕಾಲು ಸೇರಿದ್ರೆ ಅರ್ಧ. ಪೆನ್ನೇ ಬೇಕಾಗಲಿಲ್ಲ.

ಪೋಸ್ಟ್ 4/8

ಈಗ 2½ × 1½. ಗದ್ದೆಗೆ ಬನ್ನಿ.

ಒಂದು ಗುಂಟೆ ಅಂದ್ರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ, 1089 ಚದರ ಅಡಿ. ಅಂಥ 40 ಸೇರಿದ್ರೆ ಒಂದು ಎಕರೆ. ಪಾಳ್ಯದಲ್ಲೋ ಕುಂದೂರಲ್ಲೋ ಕೆಂಚಮ್ಮನ ಹೊಸಕೋಟೆಯಲ್ಲೋ, ಯಾವ ಅಜ್ಜನನ್ನ ಕೇಳಿದ್ರೂ ಗುಂಟೆ ಗೊತ್ತು. ಪಠ್ಯಪುಸ್ತಕದ ಪಿಜ್ಜಾಕ್ಕಿಂತ ನಮ್ಮ ಮಕ್ಕಳಿಗೆ ಹತ್ತಿರದ ಚೌಕ ಇದು.

33 ಅಡಿ ಹಗ್ಗ ತಗೊಳ್ಳಿ. ಉದ್ದಕ್ಕೆ ಎರಡೂವರೆ ಹಗ್ಗ, ಅಗಲಕ್ಕೆ ಒಂದೂವರೆ ಹಗ್ಗ ಅಳೆದು ಗೂಟ ಹೊಡೀರಿ. ಒಳಗೆ ಏನೇನಿದೆ ನೋಡಿ. ಪೂರ್ತಿ ಗುಂಟೆ 2. ಉದ್ದದ ಕೊನೆಯಲ್ಲಿ ಅರ್ಧ ಗುಂಟೆಯ ತುಂಡು ಒಂದು. ಅಗಲದ ಬದಿಯಲ್ಲಿ ಅರ್ಧ ಗುಂಟೆಯ ತುಂಡು ಎರಡು, ಸೇರಿ ಒಂದು ಗುಂಟೆ. ಮೂಲೆಯಲ್ಲಿ ಕಾಲು ಗುಂಟೆ. ಒಟ್ಟು 2 + ½ + 1 + ¼ = 3¾ ಗುಂಟೆ.

"ಎರಡೂಕಾಲು" ಅಂದ ಮಗು ಬರೀ ದೊಡ್ಡ ತುಂಡನ್ನೂ ಮೂಲೆಯ ತುಂಡನ್ನೂ ಎಣಿಸಿ, ಎರಡು ಬದಿಯ ತುಂಡನ್ನ ಬಿಟ್ಟುಬಿಟ್ಟಿದೆ. ಬಿಟ್ಟಿದ್ದು ಒಂದೂವರೆ ಗುಂಟೆ, 1633½ ಚದರ ಅಡಿ. 30×40 ಸೈಟು ಅಂದ್ರೆ 1200. ಪರೀಕ್ಷೆಯಲ್ಲಿ ಇದಕ್ಕೆ ಒಂದು ಮಾರ್ಕ್ಸ್ ಹೋಗುತ್ತೆ. ನೆಲದ ಮೇಲೆ ಒಂದು ಸೈಟು ಹೋಗಿ, ಮೇಲೆ 433½ ಚದರ ಅಡಿ ಹೋಗುತ್ತೆ.

ಮಿಶ್ರ ಭಿನ್ನರಾಶಿಯನ್ನ ವಿಷಮ ಭಿನ್ನರಾಶಿ ಮಾಡಿ ಅಂತ ಮಿಸ್ ಹೇಳೋದೂ ಇದಕ್ಕೇ. ಹಗ್ಗವನ್ನ ಅರ್ಧಕ್ಕೆ ಮಡಚಿ ಅಳೀರಿ: ಉದ್ದಕ್ಕೆ 5 ಅರ್ಧ, ಅಗಲಕ್ಕೆ 3 ಅರ್ಧ. 15 ಪುಟ್ಟ ಚೌಕ, ಒಂದೊಂದೂ ಕಾಲು ಗುಂಟೆ. 15/4, ಅಂದ್ರೆ 3¾. ಯಾವ ತುಂಡೂ ತಪ್ಪಿಸಿಕೊಳ್ಳಲ್ಲ.

ಪೋಸ್ಟ್ 5/8

ಇದು ಮಾರ್ಕ್ಸಿನ ವಿಷಯ ಅಲ್ಲ ಅಂತ ಯಾಕೆ ಹಠ ಮಾಡ್ತಿದ್ದೀನಿ ಗೊತ್ತಾ? ಭಿನ್ನರಾಶಿ ಗುಣಾಕಾರಕ್ಕೆ ನಮ್ಮೂರಲ್ಲಿ ಇನ್ನೊಂದು ಹೆಸರಿದೆ. ಪಾಲು.

ತಾತನ ಹೆಸರಲ್ಲಿ 7½ ಎಕರೆ ಇದೆ ಅಂದ್ಕೊಳ್ಳಿ. ಯಾರಿಗೆ ಪಾಲು ಬರುತ್ತೆ ಅನ್ನೋದನ್ನ ಕಾನೂನು ನೋಡಿಕೊಳ್ಳುತ್ತೆ, ನಾವು ಲೆಕ್ಕ ಮಾತ್ರ ನೋಡೋಣ. ಮೂರು ಸಮ ಪಾಲಲ್ಲಿ ಒಂದು ನಿಮ್ಮ ಮನೆಗೆ. ಆ ಪಾಲಿಗೆ ಮನೆಯಲ್ಲಿ ನಾಲ್ಕು ಜನ. ನಿಮ್ಮ ಪಾಲು ಎಷ್ಟು? ಮೂರನೇ ಒಂದರ ನಾಲ್ಕನೇ ಒಂದು, ¼ × ⅓ = 1/12. ಏಳೂವರೆ ಎಕರೆ ಅಂದ್ರೆ 300 ಗುಂಟೆ, ಅದರಲ್ಲಿ 25 ಗುಂಟೆ.

ಈಗ ಜಗುಲಿಯಲ್ಲಿ ಕೂತ ಹಿರಿಯರೊಬ್ಬರು ಪಾಲುಪಟ್ಟಿಯಲ್ಲಿ "1/16" ಅಂತ ಬರೆಸ್ತಾರೆ ಅಂದ್ಕೊಳ್ಳಿ. 12ಕ್ಕಿಂತ 16 ದೊಡ್ಡದು ತಾನೆ ಅಂದ್ಕೊಂಡು ಸಹಿ ಹಾಕಿದ್ರೆ ಸಿಗೋದು 18¾ ಗುಂಟೆ. ಹೋಗಿದ್ದು 6¼ ಗುಂಟೆ, ಐದು 30×40 ಸೈಟಿಗಿಂತ ಜಾಸ್ತಿ. ಯಾರೂ ಗಲಾಟೆ ಮಾಡಲಿಲ್ಲ, ಯಾರೂ ಕಳ್ಳತನ ಮಾಡಿದ ಹಾಗೆ ಕಾಣಲಿಲ್ಲ. ಒಂದು ಛೇದ ಬದಲಾಯ್ತು, ಅಷ್ಟೇ.

ಹುಡುಗಿಯರೇ, ಇದನ್ನ ಎರಡು ಸಲ ಓದಿ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹಕ್ಕು ಕೊಡೋ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂತು, ಆದ್ರೆ ಆಗಲೇ ಮದುವೆ ಆಗಿದ್ದವರನ್ನ ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ ಮಗಳೂ ಮಗನಷ್ಟೇ ಸಮ ಅಂತ ಆಯ್ತು. ಆ ಹಕ್ಕು ಹುಟ್ಟಿನಿಂದಲೇ ಬರುತ್ತೆ, ಆ ದಿನ ಅಪ್ಪ ಬದುಕಿರಬೇಕು ಅಂತಿಲ್ಲ ಅಂತ 2020ರ ಆಗಸ್ಟಲ್ಲಿ ಸುಪ್ರೀಂ ಕೋರ್ಟ್ ಹೇಳ್ತು. ಕಾನೂನು ಇಷ್ಟು ದೂರ ಬಂದಿದೆ. ಆದ್ರೂ ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ದುಡ್ಡು ಕೈಗಿಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳೋದು ನಿಂತಿಲ್ಲ. ಬಿಟ್ಟುಕೊಡೋದು ನಿಮ್ಮಿಷ್ಟ ಇರಬಹುದು. ಏನು ಬಿಟ್ಟುಕೊಡ್ತಿದ್ದೀನಿ ಅಂತ ಗೊತ್ತಿರಲಿ. "ಹೆಣ್ಣುಮಕ್ಕಳಿಗೆ ಲೆಕ್ಕ ತಲೆಗೆ ಹತ್ತಲ್ಲ" ಅನ್ನೋ ಮಾತಿನಿಂದ ಯಾರಿಗೆ ಲಾಭ ಅಂತ ಯೋಚನೆ ಮಾಡಿ.

ಪೋಸ್ಟ್ 6/8

"ಫೋನಲ್ಲಿ ಕ್ಯಾಲ್ಕುಲೇಟರ್ ಇದೆಯಲ್ಲ ಮಗಾ" ಅಂತ ಕಾಮೆಂಟ್ ಬರುತ್ತೆ ಅಂತ ಗೊತ್ತಿತ್ತು. ಸರಿ, ತೆಗೀರಿ.

ಫೋಟೋದಲ್ಲಿರೋದು ಒಂದು ಪಹಣಿ. ಹೆಸರು, ಸರ್ವೆ ನಂಬರ್ ಮುಚ್ಚಿದ್ದೀನಿ. ವಿಸ್ತೀರ್ಣದ ಜಾಗದಲ್ಲಿ ಎಕರೆ, ಗುಂಟೆ, ಆಣೆ ಅಂತ ಇರುತ್ತೆ. ರೂಪಾಯಿಯಿಂದ ಹೋದ ಆಣೆ ನೆಲದಲ್ಲಿ ಇನ್ನೂ ಬದುಕಿದೆ: 16 ಆಣೆಗೆ ಒಂದು ಗುಂಟೆ. ನಮ್ಮ ಮೂರೂಮುಕ್ಕಾಲು ಗುಂಟೆ ಇಲ್ಲಿ 3 ಗುಂಟೆ 12 ಆಣೆ.

ಒಂದು ಎಕರೆ 20 ಗುಂಟೆಯನ್ನ ಜನ ಸಲೀಸಾಗಿ 1.20 ಅಂತ ಬರೀತಾರೆ. ಅದರ ಅರ್ಧ ಎಷ್ಟು? ಕ್ಯಾಲ್ಕುಲೇಟರ್ 0.60 ಅನ್ನುತ್ತೆ. ಅರವತ್ತು ಗುಂಟೆ ಅಂತ ಓದಿದ್ರೆ ಅದು ಮತ್ತೆ ಒಂದೂವರೆ ಎಕರೆ, ಅರ್ಧ ಮಾಡಿದ್ರೂ ಜಮೀನು ಒಂದಡಿ ಕಮ್ಮಿ ಆಗಲಿಲ್ಲ! ದಶಮಾಂಶ ಅಂತ ಓದಿದ್ರೆ 24 ಗುಂಟೆ, ಅದೂ ತಪ್ಪು. ಸರಿ ಉತ್ತರ ಒಂದೂವರೆಯ ಅರ್ಧ, ಮುಕ್ಕಾಲು ಎಕರೆ, 30 ಗುಂಟೆ. ಕ್ಯಾಲ್ಕುಲೇಟರ್ ಸುಳ್ಳು ಹೇಳಲಿಲ್ಲ. 20 ಗುಂಟೆ ಅಂದ್ರೆ ಅರ್ಧ ಎಕರೆ ಅಂತ ಅದಕ್ಕೆ ಹೇಳಬೇಕಿದ್ದವರು ನಾವು.

ಪೋಸ್ಟ್ 7/8

"ಹಾಗಾದ್ರೆ ನಿಯಮವೇ ಬೇಡ್ವಾ?" ಬೇಕು. ನಿಯಮದ ಮೇಲೆ ನನಗೆ ಸಿಟ್ಟಿಲ್ಲ.

ಅಂಶಕ್ಕೆ ಅಂಶ, ಛೇದಕ್ಕೆ ಛೇದ ಅನ್ನೋ ನಿಯಮ ರೀಲ್ ಮಾಡಿದವರದ್ದಲ್ಲ. ಬ್ರಹ್ಮಗುಪ್ತ 628ರಲ್ಲೇ ಕೊಟ್ಟಿದ್ದಾನೆ. 9ನೇ ಶತಮಾನದಲ್ಲಿ, ನಮ್ಮ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ "ಗಣಿತಸಾರಸಂಗ್ರಹ"ದಲ್ಲಿ ಭಿನ್ನರಾಶಿಗೇ ಒಂದು ಅಧ್ಯಾಯ ಇಟ್ಟ. ಗುಣಿಸೋಕೆ ಮುಂಚೆ ಅಡ್ಡಡ್ಡ ಸಂಕ್ಷೇಪಿಸಿ ಚಿಕ್ಕದು ಮಾಡ್ಕೊಳ್ಳಿ ಅನ್ನೋದೂ ಅಲ್ಲೇ ಇದೆ. ಆದ್ರೆ ಅವನು ನಿಯಮ ಹೇಳಿ ಎದ್ದು ಹೋಗಲಿಲ್ಲ. ಹಿಂದೆಯೇ ಉದಾಹರಣೆ ಕೊಟ್ಟ. ಏನರ ಮೇಲೆ ಗೊತ್ತಾ? ಒಣಶುಂಠಿ, ಕಾಳುಮೆಣಸಿನ ವ್ಯಾಪಾರ! ಸಾವಿರ ವರ್ಷದ ಹಿಂದಿನ ಸಂಸ್ಕೃತ ಪುಸ್ತಕದ ಲೆಕ್ಕ ಇವತ್ತಿನ ಆಲೂರು, ಸಕಲೇಶಪುರದ ಅಂಗಳದಲ್ಲಿ ಒಣಗ್ತಿದೆ. 12ನೇ ಶತಮಾನದಲ್ಲಿ, ಪಕ್ಕದ ಬೇಲೂರಲ್ಲಿ ಹೊಯ್ಸಳರು ಗುಡಿ ಕಟ್ಟಿಸಿದ ಕಾಲಕ್ಕೆ, ರಾಜಾದಿತ್ಯ ಕನ್ನಡದಲ್ಲೇ ಗಣಿತ ಬರೆದ. ಪುಸ್ತಕದ ಹೆಸರು "ವ್ಯವಹಾರಗಣಿತ". ಹೆಸರಲ್ಲೇ ವ್ಯವಹಾರ ಇದೆ.

ಮೇಷ್ಟ್ರುಗಳನ್ನ ಬೈಯೋಕೂ ನಾನು ಬಂದಿಲ್ಲ. ಒಂದೇ ರೂಮಲ್ಲಿ ಎರಡು ಮೂರು ಕ್ಲಾಸು ಕೂರಿಸಿಕೊಂಡು, ಬಿಸಿಯೂಟದ ಲೆಕ್ಕವೂ ಬರೆದು, ಪಾಠವೂ ಮುಗಿಸೋರಿಗೆ ಹಾಳೆ ಮಡಚಿಸೋ ಅಷ್ಟು ಪುರುಸೊತ್ತು ಸಿಗೋದು ಕಷ್ಟ. ನನ್ನ ಜಗಳ ಪುರುಸೊತ್ತು ಇರೋರ ಜೊತೆ. ಅಂದ್ರೆ ನಿಮ್ಮ ಜೊತೆ. ಹಾಸನಕ್ಕೋ ಬೆಂಗಳೂರಿಗೋ ಓದೋಕೆ ಹೋಗಿ, ರಜಕ್ಕೆ ಊರಿಗೆ ಬಂದು, ತಂಗಿ ನೋಟ್‌ಬುಕ್ ಹಿಡ್ಕೊಂಡು ಬಂದ್ರೆ "ಮೇಲೆ ಮೇಲೆ, ಕೆಳಗೆ ಕೆಳಗೆ ಮಾಡು ಹೋಗೇ" ಅಂತ ಅಟ್ಟೋ ಅಣ್ಣಂದಿರು, ಅಕ್ಕಂದಿರು. ಆ ಮಗು ಹನ್ನೆರಡು ವರ್ಷಕ್ಕೇ "ನಂಗೆ ಗಣಿತ ಬರಲ್ಲ" ಅಂತ ತೀರ್ಮಾನ ಮಾಡುತ್ತೆ. ಹತ್ತನೇ ಕ್ಲಾಸ್ ಮುಗಿಸಿ ಗಣಿತ ಇಲ್ಲದ ಕಾಂಬಿನೇಷನ್ ಹುಡುಕೋದು ಆ ತೀರ್ಮಾನದ ಮುಂದಿನ ಮೆಟ್ಟಿಲು.

ಪೋಸ್ಟ್ 8/8

ಬರೀ ಬೈದು ಹೋದ್ರೆ ಪ್ರಯೋಜನ ಇಲ್ಲ. ಈ ಭಾನುವಾರದ ಕೆಲಸ ಇದು, ಒಂದು ಗಂಟೆ ಸಾಕು.

ಒಂದು: ಹಾಳೆ ಮಡಚಿ ಬಣ್ಣ ಹಾಕಿಸಿ. ನಿಯಮವನ್ನ ನೀವು ಹೇಳಬೇಡಿ. ನಾಲ್ಕು ಹಾಳೆ ಆದ ಮೇಲೆ ಮಗುವೇ ಹೇಳುತ್ತೆ, ಕಾಯಿರಿ.

ಎರಡು: ಉತ್ತರ ಬರೆಯೋಕೆ ಮುಂಚೆ ಅಂದಾಜು ಕೇಳಿ. ಎರಡೂವರೆಯನ್ನ ಒಂದೂವರೆಯಿಂದ ಗುಣಿಸಿದ್ರೆ ಎರಡೂವರೆಗಿಂತ ಜಾಸ್ತಿ ಬರಬೇಕೋ ಕಮ್ಮಿಯೋ? ಈ ಒಂದು ಪ್ರಶ್ನೆ ಸಾಕು, 2¼ ಅಲ್ಲೇ ಸಿಕ್ಕಿಬೀಳುತ್ತೆ.

ಮೂರು: ಮನೆಯ ಪಹಣಿ ತೆಗೆದು ಓದಿಸಿ. ಅಜ್ಜಿಯನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರಿಗೆ ಗೊತ್ತಿರೋ ಆಣೆ, ಪಾವು ನಿಮಗೆ ಗೊತ್ತಿಲ್ಲ.

ಮತ್ತೆ ಈ ಮೂರು ಲೆಕ್ಕ:

ಕ) ಶುಂಠಿ ಚೀಲ 60 ಕೆಜಿ. 2¾ ಚೀಲ ಆಯ್ತು. ಅದರ ⅓ ಭಾಗ ಬಿತ್ತನೆಗೆ ಇಟ್ರೆ ಎಷ್ಟು ಕೆಜಿ?

ಖ) ಕಾಫಿಗೆ ಅರ್ಧ ಪರ್ಸೆಂಟ್ ಬೋರ್ಡೋ ದ್ರಾವಣ, 100 ಲೀಟರ್ ನೀರಿಗೆ ½ ಕೆಜಿ ಮೈಲುತುತ್ತ. 200 ಲೀಟರ್ ಡ್ರಮ್ಮಿನ ಮುಕ್ಕಾಲು ಭಾಗಕ್ಕೆ ಎಷ್ಟು?

ಗ) 33 ಅಡಿ ಹಗ್ಗದಲ್ಲಿ ಉದ್ದ ಮೂರೂವರೆ, ಅಗಲ ಎರಡೂವರೆ. ಎಷ್ಟು ಗುಂಟೆ, ಎಷ್ಟು ಆಣೆ?

ಉತ್ತರ ಕಾಮೆಂಟಲ್ಲಿ ಹಾಕಿ. ಬರೀ ನಂಬರ್ ಹಾಕಿದ್ರೆ ಲೈಕ್ ಕೊಡಲ್ಲ. ಯಾಕೆ ಅಂತ ಒಂದು ಸಾಲು ಬರೀರಿ, ಇಲ್ಲಾ ಮಡಚಿದ ಹಾಳೆಯ ಫೋಟೋ ಹಾಕಿ ಟ್ಯಾಗ್ ಮಾಡಿ. ನನ್ನ ಮಾತು ತಪ್ಪು ಅನ್ನೋರು ಕೂಡ ಬನ್ನಿ, ಆದ್ರೆ ಲೆಕ್ಕ ಮಾಡ್ಕೊಂಡು ಬನ್ನಿ.

#ಆಲೂರು #ಸಕಲೇಶಪುರ #ಹಾಸನ #ಭಿನ್ನರಾಶಿ #ಪಾಲಿನಪಾಲು #ಕನ್ನಡದಲ್ಲಿಗಣಿತ