ಚಿಪ್‌ನೊಳಗೂ ಕೋಟೆ

ಕೊರಟಗೆರೆ ದಾಟಿ ಮಧುಗಿರಿಗೆ ಹೋಗಿ ಬೆಟ್ಟ ಹತ್ತಿದವರಿಗೆ ಗೊತ್ತು, ಒಂದು ಬಾಗಿಲು ದಾಟಿದರೆ ಮುಂದೆ ಮತ್ತೊಂದು. ಒಂದೇ ಗೋಡೆಯನ್ನು ನಂಬಿ ಯಾವ ಪಾಳೆಯಗಾರನೂ ನಿದ್ದೆ ಮಾಡಲಿಲ್ಲ. ಶಿರಾದ ಕೋಟೆ ಬಯಲಿನದು. ಅಲ್ಲಿ ಸುತ್ತ ಕಂದಕ ತೋಡಿದರು.

ಉಗುರಿನಗಲದ ಸಿಲಿಕಾನ್ ಚಿಪ್‌ನಲ್ಲೂ ಇದೇ ಉಪಾಯವಿದೆ. ಹೆಸರು ಗಾರ್ಡ್ ರಿಂಗ್. ನಾವು ಕಾವಲು ಬಳೆ ಎನ್ನೋಣ. ಚಿಪ್‌ನಲ್ಲಿ ಎರಡು ಜಾತಿಯ ಟ್ರಾನ್ಸಿಸ್ಟರುಗಳದು ಒಂದೇ ಹಾಸಿನ ಮೇಲೆ ಅಕ್ಕಪಕ್ಕದ ಸಂಸಾರ. ನಡುವೆ ಯಾರಿಗೂ ಬೇಡದ ಕಳ್ಳದಾರಿಯೊಂದು ತಾನಾಗಿ ಹುಟ್ಟಿಕೊಂಡಿರುತ್ತದೆ. ಹೊರಗಿನ ತಂತಿಯಿಂದ ವಿದ್ಯುತ್ತಿನ ಪೆಟ್ಟೊಂದು ಬಿದ್ದರೆ ಸಾಕು, ಆ ದಾರಿ ತೆರೆದುಕೊಂಡೀತು. ಇದೇ ಲ್ಯಾಚ್-ಅಪ್. ಒಮ್ಮೆ ಹಿಡಿಯಿತೆಂದರೆ ಸ್ವಿಚ್ ಆರಿಸುವ ತನಕ ಬಿಡದು. ಅಷ್ಟರಲ್ಲಿ ಚಿಪ್ ಸುಟ್ಟೂ ಹೋಗಬಹುದು! ಅದಕ್ಕೇ ಹೊರತಂತಿಗೆ ಅಂಟಿದ ಟ್ರಾನ್ಸಿಸ್ಟರುಗಳ ಸುತ್ತ ಜೋಡಿ ಬಳೆ. ಧನ ತುದಿಗೆ ಸೇರಿಸಿದ್ದು ದಾರಿತಪ್ಪಿದ ಎಲೆಕ್ಟ್ರಾನುಗಳನ್ನೂ, ನೆಲಕ್ಕೆ ಸೇರಿಸಿದ್ದು ಅವುಗಳ ವಿರುದ್ಧ ಜಾತಿಯ 'ರಂಧ್ರ'ಗಳನ್ನೂ ಹೀರುತ್ತದೆ. ಎಲ್ಲ ಕಡೆ ಹಾಕಿದರಾಗದೇ ಎಂದೀರಿ. ಚಿಪ್‌ನಲ್ಲಿ ಜಾಗವೆಂದರೆ ದುಡ್ಡು.

ಇನ್ನು ಪಾವಗಡ. ತಿರುಮಣಿಯ ಸುತ್ತ ರೈತರು ಗುತ್ತಿಗೆಗೆ ಕೊಟ್ಟ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್. ಮಳೆ ಕೈಕೊಟ್ಟ ಸೀಮೆಗೆ ಬಿಸಿಲೇ ಬೆಳೆ. ಆ ಬೆಳೆ ಮನೆಗಳ ದೀಪವಾಗಲು ಇನ್ವರ್ಟರ್ ಬೇಕು. ಅದರೊಳಗೆ ನೂರಾರು ವೋಲ್ಟ್ ತಡೆಯುವ ಟ್ರಾನ್ಸಿಸ್ಟರುಗಳ ಅಂಚಿನಲ್ಲೂ ಸಾಮಾನ್ಯವಾಗಿ ಬಳೆಯ ಹೊರಗೆ ಬಳೆ. ಇವನ್ನು ಯಾವ ತುದಿಗೂ ಸೇರಿಸುವುದಿಲ್ಲ. ವೋಲ್ಟೇಜು ಒಂದೇ ಕಡೆ ಎರಗದೆ, ಬೆಟ್ಟದಿಂದ ಮೆಟ್ಟಿಲಿಳಿದಂತೆ ಬಳೆಯಿಂದ ಬಳೆಗೆ ಇಳಿಯುತ್ತದೆ.