ಪಾಠ ಕಲಿಸಿದವನಿಗೇ ಸುಂಕವೆ?

1900ರಲ್ಲಿ ಕರ್ಜನ್ ಪ್ರಭು ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಬಾಗಿಲು ತೆರೆದ. ಹೆಸರು ರಾಣಿಯದು, ಸಾಕಿ ಬೆಳೆಸಿದ್ದು ನಾಡಿನ ತೆರಿಗೆ. 1955ರಲ್ಲಿ ವೈದ್ಯರೇ ಮುಂದೆ ನಿಂತು ವೈದ್ಯಕೀಯ ಕಾಲೇಜು ಆರಂಭಿಸಿದರು. ಮುಂದೆ ಸರ್ಕಾರ ಅದನ್ನು ವಹಿಸಿಕೊಂಡಿತು. ಅಲ್ಲಿನ ವಿದ್ಯಾರ್ಥಿಗಳು ನಾಡಿ ಹಿಡಿದು ವಿದ್ಯೆ ಕಲಿತದ್ದು ವಿಕ್ಟೋರಿಯಾ, ವಾಣಿವಿಲಾಸ, ಮಿಂಟೋ ಆಸ್ಪತ್ರೆಗಳ ಬಡರೋಗಿಗಳಿಂದ. ಆ ರೋಗಿಯೇ ಅವರ ಮೊದಲ ಗುರು.

ಗುರುವಿಗೆ ಸಂದ ದಕ್ಷಿಣೆ ಯಾವುದು? 2024ರ ನವೆಂಬರಿನಲ್ಲಿ ಹೊರರೋಗಿಯ ಚೀಟಿ 10 ರೂಪಾಯಿಯಿಂದ 20ಕ್ಕೆ ಏರಿತು!

ಹತ್ತು ರೂಪಾಯಿ ಯಾವ ಲೆಕ್ಕ ಎನ್ನುವ ಉಳ್ಳವರೇ, ಕೇಳಿ. ಬನ್ನೇರುಘಟ್ಟ ರಸ್ತೆಯ ಖಾಸಗಿ ಆಸ್ಪತ್ರೆಗಳನ್ನು ದಾಟಿ ಅರೆಕೆರೆಯಿಂದ ಬರುವ ದುಡಿಮೆಗಾರ, ಅಂದಿನ ಕೂಲಿಯನ್ನು ಕಳೆದುಕೊಂಡೇ ಸಾಲಿನಲ್ಲಿ ನಿಲ್ಲುತ್ತಾನೆ. ತೆರಿಗೆ ತೆತ್ತವನಿಂದ ಮತ್ತೆ ವಸೂಲಿ ಏಕೆ? ಚೀಟಿಯ ಸುಂಕ ರದ್ದಾಗಲಿ! ಇದು ನಮ್ಮ ಬೇಡಿಕೆಯಲ್ಲ, ಹಕ್ಕು.