ಕಲಿಕೆಯ ವೆಚ್ಚವೂ ಬಾಳಿಕೆಯ ಲೆಕ್ಕವೂ

ಜಾಲತಾಣದಲ್ಲಿ ಸರಕುಗಳನ್ನು ಚಲನಚಿತ್ರಿಕೆಗಳ ಮೂಲಕ ತೋರಿಸುವ ವಿದ್ಯೆಯಲ್ಲಿ ಸಿಬ್ಬಂದಿಗೆ ತರಬೇತಿ ಕೊಡಿಸುವ ಮುನ್ನ, ಉದ್ಯಮಿಗಳು ಆಕ್ಷನ್‌ಸ್ಕ್ರಿಪ್ಟ್ ಭಾಷೆಯ ಇತಿಹಾಸವನ್ನೊಮ್ಮೆ ಅವಲೋಕಿಸುವುದು ಒಳಿತು. 2000ರಲ್ಲಿ ಮ್ಯಾಕ್ರೋಮೀಡಿಯಾ ಸಂಸ್ಥೆಯ ಫ್ಲ್ಯಾಶ್ 5ರೊಡನೆ ಬಂದ ಈ ಭಾಷೆ, ನೋಡುಗರ ಕ್ಲಿಕ್‌ಗೆ ಸ್ಪಂದಿಸುವ ಚಿತ್ರಗಳ ರಚನೆಯನ್ನು ಸುಗಮಗೊಳಿಸಿತು. 2005ರಲ್ಲಿ ಆ ಸಂಸ್ಥೆ ಅಡೋಬಿಯ ವಶವಾಯಿತು. ಐಫೋನ್ ಮಾತ್ರ ಫ್ಲ್ಯಾಶ್‌ಗೆ ಎಡೆಗೊಡಲೇ ಇಲ್ಲ. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಪ್ಲೇಯರ್‌ಗಿದ್ದ ಬೆಂಬಲವನ್ನು ಅಡೋಬಿಯೇ ಕೊನೆಗೊಳಿಸಿತು.

ಹಾಗಾದರೆ ಕಲಿತವರ ಶ್ರಮ ವ್ಯರ್ಥವಾಯಿತೇ? ಇಲ್ಲ. ಆಕ್ಷನ್‌ಸ್ಕ್ರಿಪ್ಟ್‌ಗೂ ಇಂದಿನ ಜಾವಾಸ್ಕ್ರಿಪ್ಟ್‌ಗೂ ಎಕ್ಮಾಸ್ಕ್ರಿಪ್ಟ್ ಎಂಬ ಮಾನಕವೇ ತಳಹದಿ. ಭಾಷೆಯ ತರ್ಕವನ್ನು ಅರಿತವರಿಗೆ ಹೊಸ ದಾರಿ ತೆರೆದೇ ಇತ್ತು. ಹೆಚ್ಚಿನ ನಷ್ಟವಾದದ್ದು, ಸಿದ್ಧಗೊಂಡ ಎಸ್‌ಡಬ್ಲ್ಯೂಎಫ್ ಕಡತವನ್ನಷ್ಟೇ ಪಡೆದು, ತಿದ್ದಬಹುದಾದ ಎಫ್‌ಎಲ್‌ಎ ಮೂಲ ಕಡತವನ್ನು ಕೇಳದೆ ಬಿಟ್ಟ ಮಾಲೀಕರಿಗೆ.

ಲೆಕ್ಕಪತ್ರ ಮಾನಕ 26ರನ್ವಯ ತರಬೇತಿ ವೆಚ್ಚವನ್ನು ಆಸ್ತಿಯೆಂದು ತೋರಿಸುವಂತಿಲ್ಲ; ಆಯಾ ವರ್ಷದ ಖರ್ಚೆಂದೇ ಬರೆಯಬೇಕು. ಆ ಕಲಿಕೆ ಎಷ್ಟು ಕಾಲ ಬಾಳೀತೆಂಬುದನ್ನು ಆಸ್ತಿ-ಹೊಣೆ ಪಟ್ಟಿ ಹೇಳಲಾರದು, ಮಾಲೀಕರೇ ಅಳೆಯಬೇಕು. ಆದುದರಿಂದ ಒಂದೇ ಕಂಪನಿಯ ಸ್ವತ್ತಾದ ಉಪಕರಣಕ್ಕಿಂತ ಮುಕ್ತ ಮಾನಕದ ಭಾಷೆಗೆ ಹಣ ತೊಡಗಿಸುವುದು ಲೇಸು. ಮೂಲ ಕಡತದ ಹಕ್ಕನ್ನು ಕರಾರಿನಲ್ಲಿಯೇ ಬರೆಸಿಕೊಳ್ಳುವುದು ಇನ್ನೂ ಲೇಸು.